ಮೊದಲ ಲೆನ್ಸ್ ಹತ್ತಿರದ್ದನ್ನು ನೋಡಲಿ

ಮಲೆನಾಡಿನ ಹಳ್ಳಿಗಳಿಗೆ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಈಗ ಹೊಸ ದಾರಿಯೊಂದರಿಂದ ಬರುತ್ತಿದೆ. ನಿಕಾನ್ ಮತ್ತು ಕ್ಯಾನನ್ ಸಂಸ್ಥೆಗಳು 2020ರ ನಂತರ ಈ ಬಗೆಯ ಹೊಸ ಮಾದರಿಗಳನ್ನು ಪ್ರಕಟಿಸಿಲ್ಲ. ಅವುಗಳ ಗಮನವೆಲ್ಲ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹರಿದಿದೆ. ಪೇಟೆಯ ಸ್ಟುಡಿಯೋದವರೂ ಮದುವೆ ಛಾಯಾಗ್ರಾಹಕರೂ ಹೊಸದನ್ನು ಕೊಳ್ಳುತ್ತ, ಹಳೆಯದನ್ನು ಕಡಿಮೆ ಬೆಲೆಗೆ ಮಾರುತ್ತಿದ್ದಾರೆ. ಹೀಗಾಗಿ ಒಂದು ಕಾಲದಲ್ಲಿ ಒಳ್ಳೆಯ ಅಡಿಕೆ ಫಸಲಿನ ವರ್ಷದಲ್ಲೂ ಎರಡು ಬಾರಿ ಯೋಚಿಸಬೇಕಾಗಿದ್ದ ಯಂತ್ರ ಇಂದು ಕಾಲೇಜು ವಿದ್ಯಾರ್ಥಿಯ ಕೈಚೀಲವನ್ನು ಸೇರಿದೆ. ಅದರೊಡನೆ ಸಾಮಾನ್ಯವಾಗಿ 18ರಿಂದ 55 ಮಿ.ಮೀ.ವರೆಗಿನ ಒಂದು ಚಿಕ್ಕ ಝೂಮ್ ಲೆನ್ಸ್ ಬಂದಿರುತ್ತದೆ. ತಿಂಗಳೊಪ್ಪತ್ತಿನಲ್ಲಿ ಪ್ರಶ್ನೆಯೊಂದು ಏಳುತ್ತದೆ: ಮುಂದೆ ಕೊಳ್ಳಬೇಕಾದ ಲೆನ್ಸ್ ಯಾವುದು?

ಬಲ್ಲವರಿಂದ ದೊರೆಯುವ ಉತ್ತರ ಹೆಚ್ಚಾಗಿ ಒಂದೇ. ಕಾಡಿನ ಅಂಚಿನಲ್ಲಿ ಮನೆಯಿರುವವನು ಮಂಗಟ್ಟೆ ಹಕ್ಕಿಯ ಚಿತ್ರ ತೆಗೆಯದಿದ್ದರೆ ಹೇಗೆ? ಉದ್ದದ ಲೆನ್ಸ್ ಕೊಳ್ಳಬೇಕು, ಸಾಲ ಮಾಡಿಯಾದರೂ ಕೊಳ್ಳಬೇಕು. ಈ ಸಲಹೆ ಸದುದ್ದೇಶದ್ದೇ ಆದರೂ ಆರಂಭಿಕನ ಕಿಸೆಗೂ ಹಿತವಲ್ಲ, ಮಲೆನಾಡಿಗೂ ಹಿತವಲ್ಲ. ಬೆಟ್ಟದೂರಿನ ಹೊಸಬನ ಮೊದಲ ಲೆನ್ಸ್ ದೂರದ್ದನ್ನು ಎಳೆದು ತರುವಂಥದ್ದಾಗಿರಬೇಕಿಲ್ಲ. ಹತ್ತಿರದ್ದನ್ನು ನಿಚ್ಚಳವಾಗಿ ಕಾಣುವಂಥದ್ದಾಗಿದ್ದರೆ ಸಾಕು. ಅಂಥ ಲೆನ್ಸುಗಳೇ ಎಲ್ಲಕ್ಕಿಂತ ಅಗ್ಗವೂ ಹಗುರವೂ ಆಗಿರುವುದು ಒಂದು ಸುಯೋಗ.

ಯಾವುದರ ಚಿತ್ರ ಬೇಕು?

ಲೆನ್ಸಿನ ಆಯ್ಕೆ ಅಂಗಡಿಯಲ್ಲಿ ಆರಂಭವಾಗುವುದಲ್ಲ. ಈ ನೆಲದಲ್ಲಿ ಯಾವುದರ ಚಿತ್ರ ಬೇಕಾಗಿದೆ ಮತ್ತು ಯಾವುದರ ಚಿತ್ರ ಯಾರ ಬಳಿಯೂ ಇಲ್ಲ ಎಂಬ ಪ್ರಶ್ನೆಯಿಂದ ಅದು ಆರಂಭವಾಗಬೇಕು. ಹುಲಿ, ಆನೆ, ಮಂಗಟ್ಟೆಗಳ ಉತ್ತಮ ಚಿತ್ರಗಳು ಸಾವಿರಗಟ್ಟಲೆ ಇವೆ. ಆದರೆ ಊರಿನ ಹಿಂದಿನ ಗುಡ್ಡ ಹತ್ತು ವರ್ಷಗಳ ಹಿಂದೆ ಹೇಗಿತ್ತು? ರಸ್ತೆ ಅಗಲಗೊಳಿಸಲು ದರೆ ಕಡಿಯುವ ಮೊದಲು ಅದರ ಇಳಿಜಾರು ಎಷ್ಟಿತ್ತು? ಏಪ್ರಿಲ್ ತಿಂಗಳಿನಲ್ಲಿ ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತಿತ್ತು? ಇವುಗಳಿಗೆ ಉತ್ತರ ಕೊಡುವ ಚಿತ್ರಗಳು ಬಹುತೇಕ ಹಳ್ಳಿಗಳಲ್ಲಿ ಇಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಇಳಿಜಾರುಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಗುಡ್ಡ ಉರುಳಿತು. ಕುಸಿತದ ಮರುದಿನ ಎಲ್ಲ ಕ್ಯಾಮೆರಾಗಳೂ ಅತ್ತ ತಿರುಗುತ್ತವೆ. ಕುಸಿತಕ್ಕೆ ಮೊದಲಿನ ಚಿತ್ರವನ್ನು ಹುಡುಕಿದರೆ ಮದುವೆಯ ದಿಬ್ಬಣದ ಹಿಂದೆ ಮಸುಕಾಗಿ ಕಂಡ ಗುಡ್ಡವಷ್ಟೇ ಸಿಕ್ಕೀತು. ಬಿರುಕು ಎಂದು ಮೂಡಿತು, ಮರ ಎಂದು ವಾಲಿತು, ಒರತೆ ಎಂದು ಜಾಗ ಬದಲಿಸಿತು ಎಂಬುದನ್ನು ಹೇಳಬಲ್ಲ ಸಾಕ್ಷಿ ಇಲ್ಲವಾಗಿರುತ್ತದೆ. ಚಿತ್ರದ ಸಾಕ್ಷಿಗೆ ಬೆಲೆಯುಂಟು ಎಂಬುದನ್ನು ಮಲೆನಾಡು ಬಲ್ಲದು. ಕುದುರೆಮುಖದ ಕಬ್ಬಿಣದ ಗಣಿಯಿಂದಾದ ಹಾನಿಯನ್ನು ಕುರಿತು ಶೇಖರ್ ದತ್ತಾತ್ರಿಯವರು 2001ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರ, ಮಾತಿನಲ್ಲಿ ಹೇಳಲಾಗದಿದ್ದುದನ್ನು ದೂರದ ನಗರಗಳವರ ಕಣ್ಣಿಗೆ ತೋರಿಸಿತು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ ಆ ಗಣಿ 2005ರ ಕೊನೆಯಲ್ಲಿ ನಿಂತಿತು.

ಈ ಕೆಲಸಕ್ಕೆ ಎಂಥ ಲೆನ್ಸ್ ಬೇಕೆಂಬುದನ್ನು ತಿಳಿಯಲು ಲೆನ್ಸಿನ ಮೇಲೆ ಬರೆದಿರುವ ಎರಡು ಅಂಕಿಗಳ ಅರ್ಥ ಗೊತ್ತಿದ್ದರೆ ಸಾಕು.

ಎರಡು ಅಂಕಿಗಳು

ಮೊದಲನೆಯದು ಸಂಗಮದೂರ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಬರುವ ಅದೇ ಸಂಗಮದೂರವನ್ನು ಇಲ್ಲಿ ಮಿಲಿಮೀಟರುಗಳಲ್ಲಿ ಬರೆದಿರುತ್ತಾರೆ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ನೋಟ ಕಿರಿದು. ಆರಂಭಿಕರ ಕ್ಯಾಮೆರಾಗಳಲ್ಲಿ ಚಿತ್ರ ಮೂಡುವ ಸಂವೇದಕದ ಅಗಲ ಸುಮಾರು 22ರಿಂದ 24 ಮಿ.ಮೀ. ಇಂಥ ಕ್ಯಾಮೆರಾದಲ್ಲಿ 18 ಮಿ.ಮೀ. ಲೆನ್ಸ್ ಅಡ್ಡಲಾಗಿ ಅರವತ್ತು ಡಿಗ್ರಿಗೂ ಹೆಚ್ಚಿನ ನೋಟವನ್ನು ಹಿಡಿಯುತ್ತದೆ, 250 ಮಿ.ಮೀ. ಲೆನ್ಸ್ ಕೇವಲ ಐದು ಡಿಗ್ರಿಯನ್ನು ಹಿಡಿಯುತ್ತದೆ.

ಎರಡನೆಯದು ‘ಎಫ್’ ಅಂಕಿ. ಸಂಗಮದೂರವನ್ನು ಲೆನ್ಸಿನೊಳಗಿನ ಬೆಳಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಈ ಅಂಕಿ. 50 ಮಿ.ಮೀ. ಲೆನ್ಸಿನ ಬೆಳಕಿಂಡಿ 28 ಮಿ.ಮೀ. ಅಗಲ ತೆರೆದರೆ ಅದು ಎಫ್/1.8. ಈ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. ಎಫ್/1.8ರಲ್ಲಿ ಒಳಬರುವ ಬೆಳಕು ಎಫ್/5.6ರಲ್ಲಿ ಬರುವುದರ ಹತ್ತಿರ ಹತ್ತು ಪಟ್ಟು.

ಮಲೆನಾಡಿನಲ್ಲಿ ಈ ಹತ್ತು ಪಟ್ಟು ಸಣ್ಣ ವಿಷಯವಲ್ಲ. ಬಯಲುಸೀಮೆಯ ಬೆಳಕಿನಲ್ಲಿ ಯಾವ ಲೆನ್ಸಾದರೂ ನಡೆದೀತು. ಅಡಿಕೆ ತೋಟದ ನೆರಳಿನಲ್ಲಿ, ಕಾನಿನ ಒಳಗೆ, ಜುಲೈ ತಿಂಗಳ ಮೋಡದ ಕೆಳಗೆ ಬೆಳಕೇ ಬಡವ. ಎಫ್/1.8ರಲ್ಲಿ ಸೆಕೆಂಡಿನ ನೂರರ ಒಂದು ಭಾಗದಲ್ಲಿ ಮುಗಿಯುವ ಕೆಲಸಕ್ಕೆ ಎಫ್/5.6ರಲ್ಲಿ ಸೆಕೆಂಡಿನ ಹತ್ತರ ಒಂದು ಭಾಗ ಬೇಕು. ಅಷ್ಟು ಹೊತ್ತು ಕೈ ನಡುಗದಿರದು, ಎಲೆ ಅಲುಗದಿರದು.

ಉದ್ದದ ಲೆನ್ಸಿನ ತೊಡಕು ಇಲ್ಲಿಯೇ ಇದೆ. ಅಗ್ಗದ ಉದ್ದ ಲೆನ್ಸುಗಳ ತುದಿಯಲ್ಲಿ ಬೆಳಕಿಂಡಿ ಎಫ್/5.6 ಇಲ್ಲವೇ ಎಫ್/6.3ಕ್ಕಿಂತ ಹೆಚ್ಚು ತೆರೆಯದು. ಮೇಲಾಗಿ ನೋಟ ಕಿರಿದಾದಷ್ಟೂ ಕೈನಡುಕ ಹಿಗ್ಗಿ ಕಾಣುತ್ತದೆ. 250 ಮಿ.ಮೀ.ನಲ್ಲಿ ಕೈಯಲ್ಲೇ ಹಿಡಿದು ತೆಗೆಯುವುದಾದರೆ ಸೆಕೆಂಡಿನ ನಾನೂರರ ಒಂದು ಭಾಗದಷ್ಟು ವೇಗ ಬೇಕೆಂಬುದು ರೂಢಿಯ ಲೆಕ್ಕ. ನಡುಕ ತಡೆಯುವ ವ್ಯವಸ್ಥೆ ಲೆನ್ಸಿನಲ್ಲಿದ್ದರೆ ಕೈಯ ನಡುಕ ತಗ್ಗೀತು; ಹಕ್ಕಿಯ ಚಲನೆ ತಗ್ಗುವುದಿಲ್ಲ. ಉದ್ದವೂ ಆಗಿ ಬೆಳಕನ್ನೂ ಧಾರಾಳವಾಗಿ ಬಿಡುವ ಲೆನ್ಸುಗಳಿವೆ. 600 ಮಿ.ಮೀ. ಎಫ್/4 ಲೆನ್ಸಿಗೆ 150 ಮಿ.ಮೀ. ಅಗಲದ ಗಾಜು ಬೇಕು. ಅದರ ತೂಕ ಮೂರು ಕಿಲೋ ಮುಟ್ಟುತ್ತದೆ, ಹೊಸದರ ಬೆಲೆ ಹತ್ತು ಲಕ್ಷ ರೂಪಾಯಿಯನ್ನು ಮೀರುತ್ತದೆ. ಪತ್ರಿಕೆಗಳಲ್ಲಿ ಕಾಣುವ ಬೆರಗಿನ ಚಿತ್ರಗಳ ಹಿಂದೆ ಹೆಚ್ಚಾಗಿ ಇಂಥ ಗಾಜಿರುತ್ತದೆ. ಅದನ್ನು ನೋಡಿ ಹತ್ತಿಪ್ಪತ್ತು ಸಾವಿರದ ಉದ್ದ ಲೆನ್ಸ್ ಕೊಂಡವನು ಮಸುಕು ಚಿತ್ರಗಳನ್ನು ಕಂಡು, ದೋಷ ತನ್ನದೇ ಎಂದು ಬಗೆದು ಕ್ಯಾಮೆರಾವನ್ನೇ ಮೂಲೆಗಿಡುತ್ತಾನೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಲೆನ್ಸಿಗೂ ಸಲ್ಲುತ್ತದೆ.

ಹಿತ್ತಿಲ ಗಿಡವೂ ಮದ್ದೇ

ಕ್ಯಾಮೆರಾದೊಡನೆ ಬಂದ 18-55 ಲೆನ್ಸನ್ನು ಬಹಳಷ್ಟು ಮಂದಿ ಹೀಗಳೆಯುತ್ತಾರೆ. ಹಿತ್ತಿಲ ಗಿಡ ಮದ್ದಲ್ಲ ಎಂಬ ಮನೋಭಾವವೇ ಇದಕ್ಕೆ ಕಾರಣ. ಅದು ಬೆಳಕನ್ನು ಕಡಿಮೆ ಬಿಡುತ್ತದೆ ಎಂಬುದು ನಿಜ. ಆದರೆ ಇನ್ನೂರು ಗ್ರಾಮಿನ ಆಸುಪಾಸು ತೂಗುವ ಈ ಲೆನ್ಸಿನ ಒಂದು ಗುಣವನ್ನು ಬಹುಮಂದಿ ಗಮನಿಸಿಯೇ ಇಲ್ಲ: ಅದು ತೀರ ಹತ್ತಿರಕ್ಕೆ ಹೋಗಬಲ್ಲದು. ಕ್ಯಾನನ್‌ನ 18-55 ಎಸ್‌ಟಿಎಂ ಮಾದರಿ, ಸಂವೇದಕದಿಂದ ಅಳೆದರೆ 25 ಸೆಂ.ಮೀ. ದೂರದಲ್ಲಿರುವ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುತ್ತದೆ. 55 ಮಿ.ಮೀ.ಗೆ ತಿರುಗಿಸಿ ಅಷ್ಟು ಹತ್ತಿರ ಹೋದರೆ ಚಿತ್ರದ ಅಗಲದಲ್ಲಿ ಕೇವಲ ಆರು ಸೆಂಟಿಮೀಟರಿನಷ್ಟು ನೆಲ ತುಂಬಿಕೊಳ್ಳುತ್ತದೆ.

ಆರು ಸೆಂಟಿಮೀಟರಿನಲ್ಲಿ ಏನು ಹಿಡಿದೀತು? ಪಶ್ಚಿಮಘಟ್ಟದ ಮಟ್ಟಿಗೆ ಹೇಳುವುದಾದರೆ ಬಹಳಷ್ಟು. ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಕಂಡುಬಂದು 2016ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ಕಿರುಗಪ್ಪೆ ‘ಮೈಕ್ರೊಹೈಲಾ ಲ್ಯಾಟರೈಟ್’ ಸುಮಾರು 16 ಮಿ.ಮೀ. ಉದ್ದದ್ದು. ಚಿತ್ರದ ಅಗಲದ ಕಾಲು ಭಾಗವನ್ನು ಅದು ತುಂಬೀತು; ಗುರುತು ಹಿಡಿಯಲು ಅಷ್ಟು ಧಾರಾಳ ಸಾಕು. ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಿಂದ 2014ರಲ್ಲಿ ವರ್ಣಿತವಾದ ಇರುಳುಗಪ್ಪೆಯೊಂದರ ಗಂಡು, ತನ್ನ ಮೊಟ್ಟೆಗಳಿಗೆ ಕೆಸರನ್ನು ಮೆತ್ತುತ್ತದೆ. ಅದಕ್ಕಾಗಿಯೇ ವಿಜ್ಞಾನಿಗಳು ಆ ಪ್ರಭೇದಕ್ಕೆ ‘ಕುಂಬಾರ’ ಎಂಬ ಕನ್ನಡದ ಹೆಸರನ್ನೇ ಇಟ್ಟಿದ್ದಾರೆ. ಇವೆರಡೂ ಕಂಡದ್ದು ಜನವಸತಿಯಿಂದ ಬಹು ದೂರದಲ್ಲೇನೂ ಅಲ್ಲ. ಇವನ್ನು ನೋಡಲು ಉದ್ದದ ಲೆನ್ಸ್ ಬೇಕಿಲ್ಲ. ಬಗ್ಗುವ ಬೆನ್ನು ಮತ್ತು ಕಾಯುವ ತಾಳ್ಮೆ ಬೇಕು.

ಇನ್ನೂ ಹತ್ತಿರ ಹೋಗಬೇಕೆನ್ನುವವರಿಗೆ ದುಬಾರಿ ಮ್ಯಾಕ್ರೊ ಲೆನ್ಸ್ ಒಂದೇ ದಾರಿಯಲ್ಲ. ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಸೇರಿಸುವ ‘ಎಕ್ಸ್‌ಟೆನ್ಷನ್ ಟ್ಯೂಬ್’ ಎಂಬ ಬಳೆಗಳಲ್ಲಿ ಗಾಜೇ ಇರುವುದಿಲ್ಲ. ಆದ್ದರಿಂದ ಬೆಲೆಯೂ ಕಡಿಮೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಬಳೆ ಸೇರಿಸಿದರೆ, ಲೆನ್ಸ್ ಅನಂತ ದೂರಕ್ಕೆ ಹೊಂದಿಕೊಂಡಿದ್ದಾಗಲೂ, ವಸ್ತು ತನ್ನ ನಿಜಗಾತ್ರದ ಅರ್ಧದಷ್ಟು ಸಂವೇದಕದ ಮೇಲೆ ಮೂಡುತ್ತದೆ. ವಿದ್ಯುತ್ ಸಂಪರ್ಕದ ಬಿಂದುಗಳಿರುವ ಬಳೆಗಳನ್ನೇ ಕೊಳ್ಳಬೇಕು. ಅವಿಲ್ಲದವುಗಳಲ್ಲಿ ಕ್ಯಾನನ್ ಲೆನ್ಸುಗಳ ಬೆಳಕಿಂಡಿಯನ್ನು ಹೊಂದಿಸಲಾಗದು. ಲೆನ್ಸಿನ ಮುಂದೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250ರಂಥ ಕ್ಲೋಸ್‌ಅಪ್ ಗಾಜೂ ಉಪಯುಕ್ತ.

ರೈತರಿಗೆ ಇದರಿಂದ ನೇರ ಪ್ರಯೋಜನವಿದೆ. ಅಡಿಕೆಯ ಎಲೆಚುಕ್ಕಿ ರೋಗ ಕೆಲವು ವರ್ಷಗಳಿಂದ ಮಲೆನಾಡಿನ ತೋಟಗಳನ್ನು ಕಂಗೆಡಿಸಿದೆ. ಸಲಹೆ ಕೇಳಿ ಬರುವ ಚಿತ್ರಗಳಲ್ಲಿ ಎಷ್ಟೋ ಸಲ ಹಸಿರು ಮಸುಕಲ್ಲದೆ ಬೇರೇನೂ ಕಾಣುವುದಿಲ್ಲ. ಚುಕ್ಕಿಯ ಅಂಚು, ಅದರ ಸುತ್ತಲಿನ ಹಳದಿ ಉಂಗುರ, ಎಲೆಯ ಹಿಂಬದಿ ಇವು ಕಂಡರೆ ಬಿಸಿಲಿಗೆ ಸುಟ್ಟ ಕಲೆ ಯಾವುದು, ಪೋಷಕಾಂಶದ ಕೊರತೆ ಯಾವುದು, ರೋಗ ಯಾವುದು ಎಂಬ ಊಹೆಗೆ ನೆಲೆ ಸಿಗುತ್ತದೆ. ಇಡೀ ಮರದ ಒಂದು ಚಿತ್ರ, ಸೋಗೆಯ ಒಂದು ಚಿತ್ರ, ಚುಕ್ಕಿಯ ಒಂದು ಸಮೀಪಚಿತ್ರ, ಪಕ್ಕದಲ್ಲಿ ಅಳತೆಪಟ್ಟಿಯ ತುಂಡು: ಇಷ್ಟಿದ್ದರೆ ಒಂದು ದಾಖಲೆ. ಪ್ರಯೋಗಾಲಯದ ಪರೀಕ್ಷೆಗೆ ಚಿತ್ರ ಬದಲಿಯಲ್ಲ. ಯಾವ ಎಲೆಯನ್ನು ಪರೀಕ್ಷೆಗೆ ಕಳುಹಿಸಬೇಕೆಂಬುದನ್ನು ಅದು ತಿಳಿಸುತ್ತದೆ.

ಕೊಳ್ಳುವುದಾದರೆ ಇದೊಂದು

18-55ನ್ನು ಒಂದು ಮಳೆಗಾಲವಾದರೂ ಬಳಸಿದ ಮೇಲೆ ಕೊಳ್ಳಬೇಕಾದ ಮೊದಲ ಲೆನ್ಸ್, ಝೂಮ್ ಇಲ್ಲದ ಸ್ಥಿರ ಸಂಗಮದೂರದ, ಎಫ್/1.8ರ ಚಿಕ್ಕ ಲೆನ್ಸ್. ಕ್ಯಾನನ್ ಕ್ಯಾಮೆರಾ ಇರುವವರಿಗೆ 50 ಮಿ.ಮೀ. ಎಫ್/1.8 ಪ್ರಸಿದ್ಧ. ಇದರ 1990ರ ಮಾದರಿ ಪೂರ್ತಿ ಪ್ಲಾಸ್ಟಿಕ್ಕಿನದು, ತೂಕ 130 ಗ್ರಾಂ. ಅದರ ಸ್ಥಾನದಲ್ಲಿ 2015ರಲ್ಲಿ ಬಂದ ಎಸ್‌ಟಿಎಂ ಮಾದರಿಗೆ ಲೋಹದ ಹಿಡಿಕೆಯಿದೆ, ತೂಕ 160 ಗ್ರಾಂ, ಹೆಚ್ಚು ಗಟ್ಟಿ. ಹಳೆಯದು ಎಷ್ಟೇ ಅಗ್ಗವಾಗಿ ದೊರೆತರೂ ಸಾಧ್ಯವಾದರೆ ಎರಡನೆಯದನ್ನೇ ಆರಿಸುವುದು ಲೇಸು. ತೋಟ, ಮನೆಯಂಗಳ, ಶಾಲೆಯ ಕೊಠಡಿಗಳಲ್ಲಿ 50 ಮಿ.ಮೀ.ನ ನೋಟ ತುಸು ಇಕ್ಕಟ್ಟು ಎನಿಸಿದರೆ 2014ರಲ್ಲಿ ಬಂದ 24 ಮಿ.ಮೀ. ಎಫ್/2.8 ಇದೆ, ತೂಕ 125 ಗ್ರಾಂ.

ನಿಕಾನ್ ಇರುವವರಿಗೆ 2009ರಲ್ಲಿ ಬಂದ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ತಕ್ಕದ್ದು. ನಿಕಾನ್‌ನವರು ಗಮನಿಸಬೇಕಾದ ಎಚ್ಚರಿಕೆಯೊಂದಿದೆ. ಹೆಸರಿನಲ್ಲಿ ‘ಎಎಫ್-ಡಿ’ ಎಂದಿರುವ ಹಳೆಯ ಲೆನ್ಸುಗಳೊಳಗೆ ಮೋಟಾರ್ ಇಲ್ಲ. ಡಿ3000, ಡಿ5000 ಸರಣಿಯ ಆರಂಭಿಕ ಕ್ಯಾಮೆರಾಗಳೊಳಗೂ ಅದು ಇಲ್ಲ. ಎರಡನ್ನೂ ಜೋಡಿಸಿದರೆ ಲೆನ್ಸನ್ನು ಕೈಯಿಂದಲೇ ಹೊಂದಿಸಬೇಕು. ‘ಎಎಫ್-ಎಸ್’ ಎಂದಿರುವುದನ್ನು ಆರಿಸಿದರೆ ಈ ತೊಂದರೆಯಿಲ್ಲ. ಹೊಸ ಬಗೆಯ ‘ಎಎಫ್-ಪಿ’ ಲೆನ್ಸುಗಳು ಡಿ3100, ಡಿ3200, ಡಿ5100ರಂಥ ಹಳೆಯ ಕ್ಯಾಮೆರಾಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಲೆನ್ಸ್ ಸಿಕ್ಕಿಕೊಳ್ಳುತ್ತದೆ ಎಂದ ಮಾತ್ರಕ್ಕೆ ಹೊಂದುತ್ತದೆ ಎಂದು ತಿಳಿಯಬಾರದು. ಕೊಳ್ಳುವ ಮೊದಲು ತನ್ನದೇ ಕ್ಯಾಮೆರಾಕ್ಕೆ ಜೋಡಿಸಿ ನೋಡಬೇಕು.

ಎಫ್/1.8 ಇದೆಯೆಂದು ಸದಾ ಅದರಲ್ಲಿಯೇ ತೆಗೆಯುವುದೂ ಸಲ್ಲದು. ಅರ್ಧ ಮೀಟರ್ ದೂರದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/1.8ರಲ್ಲಿ ಬಳಸಿದರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಒಂದು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಎಲೆಯ ತುದಿ ಸ್ಪಷ್ಟ, ಬುಡ ಮಸುಕು. ದಾಖಲೆಗೆ ಎಫ್/8ರ ಸುತ್ತ ಇಟ್ಟುಕೊಂಡು, ಬೆಳಕು ಸಾಲದಿದ್ದರೆ ಕ್ಯಾಮೆರಾವನ್ನು ಮೂರುಕಾಲಿನ ಮೇಲೆ ನಿಲ್ಲಿಸಬೇಕು. ಲೆನ್ಸಿಗೆ ಮೀಸಲಿಟ್ಟ ಹಣದಲ್ಲಿ ಒಂದಿಷ್ಟು ಮೂರುಕಾಲಿಗೆ ಹೋದರೆ ನಷ್ಟವೇನಿಲ್ಲ.

ಲೆನ್ಸ್ ಅಳತೆಗೋಲಾಗುವ ಬಗೆ

ಸ್ಥಿರ ಸಂಗಮದೂರದ ಲೆನ್ಸಿಗೆ ಬೆಳಕಿಗಿಂತಲೂ ದೊಡ್ಡ ಗುಣವೊಂದಿದೆ: ಅದರ ನೋಟದ ಅಗಲ ವರ್ಷ ಕಳೆದರೂ ಬದಲಾಗದು. ಆಲ್ಪ್ಸ್ ಪರ್ವತದ ಹಿಮನದಿಗಳನ್ನು ಅಧ್ಯಯನ ಮಾಡುತ್ತಿದ್ದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ, ಒಂದೇ ಸ್ಥಳದಲ್ಲಿ ನಿಂತು ಕಾಲಕಾಲಕ್ಕೆ ಒಂದೇ ನೋಟವನ್ನು ಚಿತ್ರಿಸಿ ಬದಲಾವಣೆಯನ್ನು ಅಳೆದರು. ಮರುಛಾಯಾಗ್ರಹಣ ಎನ್ನಬಹುದಾದ ಈ ಕ್ರಮ ಮಲೆನಾಡಿನ ಪ್ರತಿ ಶಾಲೆಯೂ ಕೈಗೊಳ್ಳಬಹುದಾದಷ್ಟು ಸರಳ.

ಲೆಕ್ಕ ಹತ್ತನೆಯ ತರಗತಿಯದು. ಗುಡ್ಡಕ್ಕಿರುವ ದೂರವನ್ನು ಸಂವೇದಕದ ಅಗಲದಿಂದ ಗುಣಿಸಿ, ಸಂಗಮದೂರದಿಂದ ಭಾಗಿಸಿದರೆ ಚಿತ್ರದಲ್ಲಿ ಹಿಡಿದಿರುವ ಅಗಲ ದೊರೆಯುತ್ತದೆ. ನಿಕಾನ್ ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸಿಟ್ಟು ನೂರು ಮೀಟರ್ ದೂರದ ದರೆಯನ್ನು ತೆಗೆದರೆ ಸುಮಾರು 67 ಮೀಟರ್ ಅಗಲ ಸಿಗುತ್ತದೆ. ಚಿತ್ರದ ಅಗಲದಲ್ಲಿ 6,000 ಬಿಂದುಗಳಿದ್ದರೆ ಒಂದೊಂದು ಬಿಂದುವೂ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ನೆಲವನ್ನು ಪ್ರತಿನಿಧಿಸುತ್ತದೆ. ಅಂಗೈ ಅಗಲದ ಬಿರುಕು ಮೂಡಿದರೆ ಕಳೆದ ವರ್ಷದ ಚಿತ್ರದ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಝೂಮ್ ಲೆನ್ಸಿನಲ್ಲಿ ಕಳೆದ ವರ್ಷ 34ರಲ್ಲಿತ್ತೋ 38ರಲ್ಲಿತ್ತೋ ಎಂಬ ಗೊಂದಲ ಉಳಿಯುತ್ತದೆ. ಬೇರೆ ಲೆನ್ಸ್ ಕೊಳ್ಳಲಾಗದವರು 18-55ನ್ನು ಅದರ ಕೊನೆಯ ತುದಿಗೆ, 18ಕ್ಕೆ ಅಥವಾ 55ಕ್ಕೆ ತಿರುಗಿಸಿ ಬಳಸಿದರೆ ಈ ಗೊಂದಲ ತಪ್ಪುತ್ತದೆ.

ಮೊಬೈಲಿನಲ್ಲಿ ಇದು ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಸಹಜ. ಕ್ಯಾಮೆರಾ ಇಲ್ಲದವರು ಮೊಬೈಲಿನಿಂದಲೇ ಆರಂಭಿಸಲಿ. ಇಲ್ಲದ ಚಿತ್ರಕ್ಕಿಂತ ಇರುವ ಚಿತ್ರ ಮೇಲು. ಆದರೆ ಮೊಬೈಲು ಬೆಳಕನ್ನು ನೋಡಿಕೊಂಡು ತನ್ನೊಳಗಿನ ಒಂದು ಲೆನ್ಸಿನಿಂದ ಮತ್ತೊಂದಕ್ಕೆ ತಾನೇ ಹಾರುವುದುಂಟು, ತಂತ್ರಾಂಶದಿಂದ ಚಿತ್ರವನ್ನು ತಾನೇ ತಿದ್ದುವುದುಂಟು. ಎರಡು ಮೂರು ವರ್ಷಗಳಿಗೊಮ್ಮೆ ಮೊಬೈಲೇ ಬದಲಾಗುತ್ತದೆ. ಹಳೆಯ ಕ್ಯಾಮೆರಾ ಮತ್ತು ಒಂದು ಸ್ಥಿರ ಲೆನ್ಸ್ ಶಾಲೆಯ ಕಪಾಟಿನಲ್ಲಿ ಹತ್ತು ವರ್ಷ ಹಾಗೆಯೇ ಉಳಿಯುತ್ತವೆ. ಅಳತೆಗೋಲು ಹಾಗೆ ಉಳಿಯಬೇಕಾದುದೇ ಧರ್ಮ.

ಹಕ್ಕಿಗಳ ಮಾತೇನು?

ಹಕ್ಕಿ ನೋಡುವ ಹವ್ಯಾಸಕ್ಕೆ ಈ ವಾದ ವಿರುದ್ಧವಲ್ಲ. 2007ರಲ್ಲಿ ನಿಧನರಾದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಪರಿಸರದಲ್ಲಿ ಫಿಲ್ಮ್ ಕ್ಯಾಮೆರಾದಿಂದ ತೆಗೆದ ಹಕ್ಕಿಗಳ ಚಿತ್ರಗಳು ಕನ್ನಡದ ಓದುಗರಿಗೆ ಪರಿಚಿತ. ಆ ಚಿತ್ರಗಳ ಹಿಂದೆ ಲೆನ್ಸಿಗಿಂತ ಮೊದಲು ಬಂದದ್ದು ಒಂದೇ ಊರಿನಲ್ಲಿ ವರ್ಷಗಟ್ಟಲೆ ನೋಡುತ್ತಾ ಕುಳಿತ ಕಣ್ಣು. ಆ ಕಣ್ಣು ಬೆಳೆಯುವ ಮೊದಲೇ ಕೈಗೆ ಬಂದ ಅಗ್ಗದ ಉದ್ದ ಲೆನ್ಸ್ ಒಂದು ಆಸೆಯನ್ನು ಹುಟ್ಟಿಸುತ್ತದೆ: ಇನ್ನೂ ಸ್ವಲ್ಪ ಹತ್ತಿರ ಹೋದರೆ ಚಿತ್ರ ಚೆನ್ನಾದೀತು. ಲೆನ್ಸ್ ಸಾಲದಾದಾಗ ಕಾಲು ಮುಂದಾಗುತ್ತದೆ. ಗೂಡಿನ ಮುಂದಿನ ರೆಂಬೆಯನ್ನು ಬಗ್ಗಿಸುವುದು, ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಕರೆಯುವುದು, ಮರಿಗಳಿಗೆ ಗುಟುಕು ತಂದ ತಾಯಿಯನ್ನು ಗಂಟೆಗಟ್ಟಲೆ ದೂರ ನಿಲ್ಲಿಸುವುದು, ಇವೆಲ್ಲ ಅಲ್ಲಿಂದಲೇ ಆರಂಭ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ ಎಂಬುದನ್ನು ಕ್ಯಾಮೆರಾ ಹಿಡಿದವರು ಮರೆಯಬಾರದು.

ಹತ್ತಿರದ ಲೆನ್ಸಿಗೂ ಇದೇ ಸಂಯಮ ಬೇಕು. ಕಪ್ಪೆಯ ಚರ್ಮ ಉಸಿರಾಡುವ ಚರ್ಮ. ಸೊಳ್ಳೆ ಮುಲಾಮು ಹಚ್ಚಿದ ಕೈಯಿಂದ ಅದನ್ನು ಮುಟ್ಟಿ ಎಲೆಯ ಮೇಲೆ ಕೂರಿಸುವುದು ಛಾಯಾಗ್ರಹಣವಲ್ಲ, ಹಿಂಸೆ. ಇದ್ದಲ್ಲಿಯೇ ತೆಗೆಯಬೇಕು, ತೆಗೆದು ಹೊರಡಬೇಕು. ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕು.

ಉದ್ದ ಲೆನ್ಸ್ ನಿಜಕ್ಕೂ ಬೇಕಾದಾಗ ಅದನ್ನು ಒಬ್ಬೊಬ್ಬರೂ ಕೊಳ್ಳಬೇಕಿಲ್ಲ. ಅಡಿಕೆ ಮಾರುವುದಕ್ಕೆ ಸಹಕಾರ ಸಂಘ ಕಟ್ಟಿಕೊಂಡ ಸೀಮೆಯಿದು. ಸುಲಿಯುವ ಯಂತ್ರ, ಔಷಧ ಸಿಂಪಡಿಸುವ ದೋಟಿಗಳನ್ನು ಹಂಚಿಕೊಂಡು ಬಳಸುವವರಿಗೆ ಒಂದು ಲೆನ್ಸನ್ನು ಹಂಚಿಕೊಳ್ಳುವುದು ಕಷ್ಟವೇ? 55-250 ಅಥವಾ 70-300 ಮಿ.ಮೀ.ನ ಒಂದು ಲೆನ್ಸ್ ಊರಿನ ಯುವಕ ಸಂಘದಲ್ಲೋ ಕಾಲೇಜಿನ ಪರಿಸರ ಕೂಟದಲ್ಲೋ ಇದ್ದರೆ ಹತ್ತು ಮಂದಿಗೆ ಸಾಕು. ಒಂದೇ ಕಂಪನಿಯ ಕ್ಯಾಮೆರಾಗಳನ್ನು ಊರಿನವರು ಆರಿಸಿಕೊಂಡರೆ ಈ ಹಂಚಿಕೆ ಸುಲಭ. ಮುಂದೆ ಮಿರರ್‌ಲೆಸ್ ಕೊಂಡರೂ ಈ ಲೆನ್ಸುಗಳು ವ್ಯರ್ಥವಲ್ಲ. ಕ್ಯಾನನ್‌ನ ಇಎಫ್ ಲೆನ್ಸುಗಳೂ ನಿಕಾನ್‌ನ ಎಎಫ್-ಎಸ್ ಲೆನ್ಸುಗಳೂ ಕಂಪನಿಯದೇ ಅಡಾಪ್ಟರಿನ ಮೂಲಕ ಅವುಗಳಲ್ಲಿ ಕೆಲಸ ಮಾಡುತ್ತವೆ.

ಬೂಷ್ಟು ಎಂಬ ಶತ್ರು

ಬಳಸಿದ ಲೆನ್ಸ್ ಕೊಳ್ಳುವಾಗ ಮಲೆನಾಡಿನವರು ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಬೂಷ್ಟು. ಒಂದು ಬದಿಯಿಂದ ಟಾರ್ಚು ಹಾಯಿಸಿ ಇನ್ನೊಂದು ಬದಿಯಿಂದ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆಯೇ ಎಂದು ಪರೀಕ್ಷಿಸಬೇಕು. ನಾಲ್ಕು ಧೂಳಿನ ಕಣಗಳಿಂದ ಹಾನಿಯಿಲ್ಲ. ಬೂಷ್ಟಿನ ಒಂದು ಎಳೆ ಇದ್ದರೂ ಆ ಲೆನ್ಸ್ ಬೇಡ. ಈ ಶಿಲೀಂಧ್ರ ಒಸರುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಒರೆಸಿದರೂ ಕಲೆ ಹೋಗದು. ಬೆಳಕಿಂಡಿಯ ರೆಕ್ಕೆಗಳ ಮೇಲೆ ಎಣ್ಣೆಯ ಪಸೆ ಇರಬಾರದು. ತಿರುಗಿಸುವ ಬಳೆ ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಹತ್ತಿರದ ಒಂದು, ದೂರದ ಒಂದು ವಸ್ತುವಿನ ಚಿತ್ರ ತೆಗೆದು ಹಿಗ್ಗಿಸಿ ನೋಡಿಯೇ ಹಣ ಕೊಡಬೇಕು.

ಕೊಂಡ ಮೇಲೆ ಕಾಯುವುದು ಇನ್ನೂ ದೊಡ್ಡ ಕೆಲಸ. ಆಗುಂಬೆಯ ಸರಾಸರಿ ವಾರ್ಷಿಕ ಮಳೆ 7,000 ಮಿ.ಮೀ.ಗೂ ಹೆಚ್ಚು. ಇಂಥ ಸೀಮೆಯಲ್ಲಿ ಚರ್ಮದ ಚೀಲದಲ್ಲಿಟ್ಟು ಕಪಾಟು ಮುಚ್ಚಿದರೆ ಆಷಾಢ ಮುಗಿಯುವುದರೊಳಗೆ ಗಾಜಿಗೂ ಕೊಳೆ ಬಂದಂತೆಯೇ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್ ಹರಳುಗಳು, ನೂರಾರು ರೂಪಾಯಿಗೆ ದೊರೆಯುವ ಚಿಕ್ಕ ಆರ್ದ್ರತಾ ಮಾಪಕ: ಇಷ್ಟು ಸಾಕು. ಮಾಪಕದ ಅಂಕಿ ಶೇಕಡಾ 40ರಿಂದ 50ರ ನಡುವೆ ಇರಬೇಕು. 60 ದಾಟಿದರೆ ಅಪಾಯ. ಹರಳುಗಳ ಬಣ್ಣ ಬದಲಾದಾಗ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಕಿತ್ತಳೆ ಬಣ್ಣದ್ದು ವಾಸಿ. ಅಡುಗೆಗೆ ಬಳಸುವ ಪಾತ್ರೆಯಲ್ಲಿ ಯಾವುದನ್ನೂ ಹುರಿಯಬಾರದು. ಎಲ್ಲಕ್ಕಿಂತ ಒಳ್ಳೆಯ ಔಷಧವೆಂದರೆ ಬಳಕೆ. ವಾರಕ್ಕೊಮ್ಮೆ ಬೆಳಕು ಕಂಡ ಲೆನ್ಸಿಗೆ ಬೂಷ್ಟು ಹಿಡಿಯುವುದು ಅಪರೂಪ.

ಮುಂದಿನ ಹೆಜ್ಜೆ

ಈ ಮಳೆಗಾಲಕ್ಕೆ ಮೊದಲು ಪ್ರತಿ ಊರಿನಲ್ಲಿಯೂ ನಾಲ್ಕು ಸ್ಥಳಗಳನ್ನು ಗುರುತಿಸಬಹುದು. ಊರ ಹಿಂದಿನ ಗುಡ್ಡ, ಹೊಸದಾಗಿ ಕಡಿದ ದರೆ, ಹಳ್ಳದ ಒಂದು ತಿರುವು, ಸೊಪ್ಪಿನ ಬೆಟ್ಟದ ಒಂದು ಅಂಚು. ಪ್ರತಿಯೊಂದರ ಮುಂದೆಯೂ ನಿಲ್ಲುವ ಜಾಗಕ್ಕೆ ಒಂದು ಕಲ್ಲು ನೆಡಬೇಕು. ಮಳೆಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ, ಕಡುಬೇಸಗೆಯಲ್ಲೊಮ್ಮೆ, ಒಂದೇ ಲೆನ್ಸಿನಿಂದ, ಒಂದೇ ಎತ್ತರದಿಂದ, ಒಂದೇ ದಿಕ್ಕಿಗೆ ಚಿತ್ರ ತೆಗೆಯಬೇಕು. ಕ್ಯಾಮೆರಾದೊಳಗಿನ ದಿನಾಂಕ ಸರಿಯಿದೆಯೇ ಎಂದು ನೋಡಬೇಕು. ತಿದ್ದದ ಮೂಲ ಕಡತವನ್ನು ಎರಡು ಕಡೆ ಉಳಿಸಿ, ಸ್ಥಳ, ದಿನ, ಲೆನ್ಸು, ತೆಗೆದವರ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ತೆಗೆದ ವಿದ್ಯಾರ್ಥಿ ಪಟ್ಟಣಕ್ಕೆ ಹೋದರೂ ಅವನ ತಂಗಿಯೋ ಮುಂದಿನ ತರಗತಿಯವರೋ ಅದೇ ಕಲ್ಲಿನ ಬಳಿ ನಿಂತು ಮುಂದುವರಿಸಬಲ್ಲರು.

ಗುಡ್ಡ ಒಂದೇ ದಿನದಲ್ಲಿ ಕುಸಿಯುವುದಿಲ್ಲ, ಹಳ್ಳ ಒಂದೇ ದಿನದಲ್ಲಿ ಬತ್ತುವುದಿಲ್ಲ. ನಿಧಾನವಾಗಿ ಆಗುವುದನ್ನು ಕಾಣಲು ನಿಧಾನವಾಗಿ ನೋಡುವವರು ಊರಿನಲ್ಲಿಯೇ ಇರಬೇಕು. ಅವರ ಕೈಯಲ್ಲಿ ನೂರೈವತ್ತು ಗ್ರಾಮಿನ ಒಂದು ಚಿಕ್ಕ ಲೆನ್ಸ್ ಇದ್ದರೆ, ಮುಂದೊಂದು ದಿನ ಅಧಿಕಾರಿಗಳ ಎದುರು ಹಳ್ಳಿಗರು ‘ಹೀಗಿತ್ತು’ ಎಂದು ಹೇಳುವಾಗ ಬರಿಗೈಯಲ್ಲಿ ನಿಲ್ಲಬೇಕಾಗುವುದಿಲ್ಲ.